ಮೂಸಿ ನೋಡುವ ಕೆಲಸ

ಅಟ್ಟೂರಿನಲ್ಲಿರುವ ನಮ್ಮ ಫ್ಯಾಕ್ಟರಿಯಲ್ಲಿ ಮೈಗೆ ಹಚ್ಚುವ ಲೋಷನ್ ಮಾಡುತ್ತೇವೆ. ಬಾದಾಮಿ ಎಣ್ಣೆಯ ಕ್ಯಾನ್ ತೆಗೆದಾಗಲೆಲ್ಲ ಮೊದಲು ಒಬ್ಬರು ಮೂಸಿ ನೋಡಬೇಕು. ಕಮಟು ವಾಸನೆ ಇದ್ದರೆ ಆ ಕ್ಯಾನ್ ವಾಪಸ್. ಆರು ವರ್ಷದಿಂದ ಅದು ಈರವ್ವಕ್ಕನ ಕೆಲಸ. ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಹೇಳುತ್ತಿದ್ದಳು. ಪ್ಯಾಕಿಂಗಿನ ಮುರುಗೇಶ್, "ಏನಕ್ಕಾ, ಎಣ್ಣೆಗೂ ಧ್ಯಾನನಾ?" ಅಂತ ರೇಗಿಸುತ್ತಿದ್ದ.

ಹೋದ ವರ್ಷ ಜ್ವರ ಬಂದು ಹೋದ ಮೇಲೆ ಅವಳಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಾಗಿದ್ದು. ಊಟಕ್ಕೆ ಕೂತಾಗ ಹಳಸಿದ ಪಲ್ಯವನ್ನು ಸುಮ್ಮನೆ ತಿನ್ನುತ್ತಿದ್ದಳು. ನಾನು ಡಬ್ಬಿ ಎಳೆದುಕೊಂಡಾಗ ಅವಳ ಕಣ್ಣು ತುಂಬಿತು. ಗಂಡ ಇಲ್ಲ, ಮಗಳು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಈ ಕೆಲಸ ಹೋಗಬಾರದು ಅಂದಳು. ಆಮೇಲೆ ಕ್ಯಾನ್ ತೆಗೆದರೆ ಏನಾದರೂ ನೆಪ ಮಾಡಿ ನನ್ನ ಲೇಬಲ್ ಟೇಬಲ್ಲಿನ ಹತ್ತಿರ ತರುತ್ತಿದ್ದಳು. ಚೆನ್ನಾಗಿದ್ದರೆ ನಾನು ತಲೆ ಆಡಿಸುತ್ತಿದ್ದೆ. ಇಲ್ಲದಿದ್ದರೆ ಮೆಲ್ಲಗೆ "ಬೇಡ" ಅನ್ನುತ್ತಿದ್ದೆ.

ಒಂದು ದಿನ ಕೆಮಿಸ್ಟ್ ಸ್ಮಿತಾ ಮೇಡಂ ಆರ್ಡರ್ ಕೊಡುವವರನ್ನು ಕರೆತಂದು ಎಲ್ಲ ತೋರಿಸುತ್ತಿದ್ದರು. ಈರವ್ವಕ್ಕ ಕ್ಯಾನ್ ತಂದಳು. ಮಾಸ್ಕ್ ಇಳಿಸಿದೆ. ಹಳೇ ಹಪ್ಪಳದಂಥ ಕಮಟು. ಅಷ್ಟರಲ್ಲಿ ಬಂದವರೆಲ್ಲ ನನ್ನ ಕಡೆ ತಿರುಗಿದರು. "ಬೇಡ" ಅನ್ನಲು ಧೈರ್ಯವಾಗದೆ ತಲೆ ತಗ್ಗಿಸಿಬಿಟ್ಟೆ. ಅವಳು ಅದನ್ನೇ ಹೂಂ ಅಂದುಕೊಂಡು ಹೋಗಿ ಬೆರೆಸುವ ಟ್ಯಾಂಕಿಗೆ ಸುರಿದಳು. ಎಣ್ಣೆ ನೀರಿನ ಜೊತೆ ಸೇರಿ ಬೆಳ್ಳಗಾಗುವವರೆಗೂ ನಾನು ಲೇಬಲ್ ಅಂಟಿಸುತ್ತಲೇ ಇದ್ದೆ.

ಮಾರನೇ ದಿನ ಎಂಬತ್ತು ಕಿಲೋ ಲೋಷನ್ನೂ ನಾರುತ್ತಿತ್ತು. ಮೇಡಂ ಬೈಯಲಿಲ್ಲ. ಎರಡು ಕಪ್ ಇಟ್ಟರು, ಒಂದರಲ್ಲಿ ಗುಲಾಬಿ ಸೆಂಟು, ಇನ್ನೊಂದರಲ್ಲಿ ಬರೀ ನೀರು. ಈರವ್ವಕ್ಕ ಎಂದಿನಂತೆ ಕಣ್ಣು ಮುಚ್ಚಿ, ನೀರನ್ನು ಉದ್ದಕ್ಕೆ ಮೂಸಿ, "ಗುಲಾಬಿ ರೀ" ಅಂದಳು.

ಮುರುಗೇಶ್ ಕೂಡ ನಗಲಿಲ್ಲ. ಇಷ್ಟು ದಿನ ಹೇಗೆ ಮಾಡಿದೆ, ಯಾರು ಹೇಳಿಕೊಡುತ್ತಿದ್ದರು ಅಂತ ಮೇಡಂ ಕೇಳಿದರು. ಯಾರೂ ಇಲ್ಲ, ಅಂದಾಜಿಗೆ ಮಾಡ್ತಿದ್ದೆ ಅಂದಳು. ನಾನು ಅಲ್ಲೇ ನಿಂತಿದ್ದೆ. ಮಧ್ಯಾಹ್ನದೊಳಗೆ ಅವಳ ಲೆಕ್ಕ ಮುಗಿಸಿ ಕಳಿಸಿದರು. ನಾಳೆಯಿಂದ ನೀನೇ ಮೂಸಿ ನೋಡು ಅಂತ ನನಗೆ ಹೇಳಿದರು.

ಬಸ್ ಸ್ಟಾಪಿನವರೆಗೆ ಅವಳ ಚೀಲ ಹಿಡಿದು ಹೋದೆ. ಬಸ್ಸಿಗೆ ಕಾಯುತ್ತಾ ಅವಳೇ ಕೇಳಿದಳು.

"ತಂಗಿ, ಅವತ್ತ ನಿನಗ ವಾಸನಿ ಬಂದಿತ್ತೇನ?"

"ಇಲ್ಲ ಅಕ್ಕ," ಅಂದೆ.

ಅವಳ ಮುಖ ಸ್ವಲ್ಪ ಗೆಲುವಾಯಿತು. "ನಿನಗೂ ಬಂದಿರ್ಲಿಲ್ಲಾ? ಹಂಗಾರ ಅದು ಯಾರಿಗೂ ತಿಳಿಯೂವಂಥಾದ್ದಲ್ಲ ಬಿಡು," ಅಂತ ನನ್ನ ಬೆನ್ನು ಸವರಿದಳು.