ವಯಸ್ಸಿಗೆ ತಕ್ಕಷ್ಟು

ಬಸ್ ಕಂಡಕ್ಟರ್ ಕೆಲಸದಲ್ಲೇ ತಲೆ ನೆರೆತವನು ನಾನು. ಬೆಳೆದ ಮಗುವನ್ನ ಕಂಕುಳಲ್ಲಿ ಇಟ್ಟುಕೊಂಡು ‘ಇನ್ನೂ ಚಿಕ್ಕದು ಸಾರ್’ ಅಂತ ಹಲ್ಲು ಕಿರಿಯೋ ಅಪ್ಪಂದಿರ ಬೇಳೆ ನನ್ನ ಹತ್ತಿರ ಬೇಯೋದಿಲ್ಲ. ಮುಖ ನೋಡಿದರೆ ಸಾಕು, ವಯಸ್ಸು ಹೇಳಿಬಿಡ್ತೀನಿ.

ಅದಕ್ಕೇ ಡಾಕ್ಟರಮ್ಮನ ಮುಂದೆ ನನ್ನವಳಿಗೂ ನನಗೂ ಜಟಾಪಟಿ ಆಯ್ತು. ಅನಾಥಾಲಯದಿಂದ ಮಗಳನ್ನ ಕರೆತಂದು ಇನ್ನೂ ತಿಂಗಳಾಗಿರಲಿಲ್ಲ. ಮಗು ಸಣಕಲು ಕಡ್ಡಿ. ವಿಟಮಿನ್ ಬರೆದುಕೊಡೋಕೆ ಡಾಕ್ಟರಮ್ಮ ವಯಸ್ಸು ಕೇಳಿದರು.

“ಮೂರು,” ಅಂದಳು ನನ್ನವಳು. “ಅಲ್ಲಿಯವರೇ ಹೇಳಿದ್ದು.”

“ನಾಲ್ಕಂತೂ ದಾಟಿದೆ,” ಅಂದೆ ನಾನು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಮೂರು ವರ್ಷದವರೆಗೆ ದಿನಕ್ಕೆ ಒಂದಳತೆ, ನಾಲ್ಕರಿಂದ ಎಂಟಕ್ಕೆ ಇನ್ನೊಂದು. ಕಡಿಮೆ ಆದ್ರೆ ಚೇತರಿಸಿಕೊಳ್ಳಲ್ಲ. ಎ, ಡಿ ವಿಟಮಿನ್ ಹೆಚ್ಚಾದ್ರೆ ಮೈಯಲ್ಲೇ ಉಳಿದು ತೊಂದರೆ ಕೊಡುತ್ತೆ. ಇಷ್ಟು ಸೊರಗಿದ ಮಗುವಿನ ಎತ್ತರ, ತೂಕ ನೋಡಿ ಹೇಳೋಕಾಗಲ್ಲ.”

“ಮೂರು ವರ್ಷದ್ದು ಬಸ್ ಬೋರ್ಡು ಓದುತ್ತೇನೇ?” ಅಂದೆ ನಾನು.

“ಓದ್ತಾಳೆ. ಎಲ್ಲರೂ ನಿಮ್ಮ ಹಾಗೆ ದಡ್ಡರಾ?”

ನನ್ನವಳಿಗೆ ಮಗು ಮೂರು ವರ್ಷದ್ದೇ ಆಗಿರಬೇಕಿತ್ತು, ಪಾಪ. ಎತ್ತಿ ಆಡಿಸೋ ವರ್ಷಗಳು ಇನ್ನೂ ಉಳಿದಿರಲಿ ಅಂತ ಆಸೆ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರಮ್ಮ ನಕ್ಕು ಮಗುವಿನ ಕಡೆ ಬಗ್ಗಿದರು. “ನೀನೇ ಹೇಳು ಪುಟ್ಟಿ. ಎಷ್ಟು ವರ್ಷ ನಿಂಗೆ?”

ಮಗು ನನ್ನವಳ ಮುಖ ನೋಡಿತು. ನನ್ನ ಮುಖ ನೋಡಿತು.

“ನಿಮಗೆ ಎಷ್ಟು ಬೇಕು?” ಅಂತ ಕೇಳಿತು.

ಮಗುವೇ ಬಿಡಿಸಿ ಹೇಳಿತು: “ದೊಡ್ಡವರನ್ನ ಯಾರೂ ಕರ್ಕೊಂಡು ಹೋಗಲ್ಲ, ಮೂರು ಅನ್ನು ಅಂತ ಅಲ್ಲಿ ಆಯಾ ಹೇಳ್ಕೊಟ್ಟಿದ್ರು.”

ಆ ಆಯಾ ಎದುರಿಗೆ ಸಿಕ್ಕಿದ್ದರೆ ನಾನೇನು ಅಂತಿದ್ದೆನೋ. ಸಿಟ್ಟು ನೆತ್ತಿಗೇರಿತ್ತು. ನನ್ನವಳು ನೆಲಕ್ಕೆ ಮಂಡಿಯೂರಿ ಮಗುವಿನ ಎರಡೂ ಕೈ ಹಿಡಿದುಕೊಂಡಳು.

“ನೂರು ವರ್ಷ ಆಗಿದ್ರೂ ನೀನು ನನ್ನ ಮಗಳೇ ಕಣೇ. ಔಷಧಿ ಸರಿಯಾಗಿ ಕೊಡಬೇಕಲ್ವಾ? ನಿಜ ಹೇಳು ಬಂಗಾರ.”

“ಐದು,” ಅಂದಿತು ಮೆಲ್ಲಗೆ. ನನ್ನ ಕಡೆ ತಿರುಗಿ ಕೇಳಿತು, “ಜಾಸ್ತಿ ಆಯ್ತಾ?”

“ಇಲ್ಲ ಕಂದಾ,” ಅಂದು ಎತ್ತಿಕೊಂಡೆ. ಐದು ವರ್ಷದ ಮಗು ಅಷ್ಟು ಹಗುರ ಇರಬಾರದಿತ್ತು.