ಹಾರಿಸಿದ ಪುಟಗಳು

“ಅಲ್ವೇ, ರಾಜಕುಮಾರ ತೋಟಕ್ಕೆ ಬಂದ ಅಂತೀಯ, ತಕ್ಷಣ ಕುದುರೆ ಹತ್ತಿಸಿ ಯುದ್ಧಕ್ಕೆ ಕಳಿಸ್ತೀಯ. ಅಷ್ಟು ದೂರ ಬಂದವನು ಅವಳ ಹತ್ರ ಏನೂ ಮಾತಾಡ್ಲಿಲ್ವೇನೇ?” ಹೊಲಿಗೆ ಯಂತ್ರ ತುಳಿಯುತ್ತಲೇ ಅಕ್ಕ ಕೇಳಿದಳು.

ತಂಗಿ ಕೈಲಿದ್ದ ಪುಸ್ತಕದಿಂದ ತಲೆಯೆತ್ತಿದಳು. ಓದು ಬಾರದ ಅಕ್ಕನಿಗೆ ಇಪ್ಪತ್ತು ವರ್ಷದಿಂದ ಐತಿಹಾಸಿಕ ಪ್ರೇಮಕಾದಂಬರಿಗಳನ್ನು ಓದಿ ಹೇಳುತ್ತಿದ್ದವಳು ಅವಳೇ. ಮದುವೆಯಾಗದ ಅಕ್ಕನ ಮನಸ್ಸು ನೋಯಬಾರದೆಂದು ಪ್ರಣಯದ ಪುಟಗಳನ್ನೆಲ್ಲ ಹಾರಿಸಿ, ಆಮೇಲೆ ಒಬ್ಬಳೇ ಕೂತು ಚಪ್ಪರಿಸಿಕೊಂಡು ಓದುತ್ತಿದ್ದಳು.

“ಮಾತಾಡಿದ, ಅಕ್ಕ. ನಾಲ್ಕು ಪುಟ. ನಿನಗೆ ಬೇಜಾರಾಗತ್ತೇನೋ ಅಂತ...”

“ಮದುವೆ ಆಗ್ಲಿಲ್ಲ ಕಣೆ, ಕಿವಿಯೇನು ಹೋಗಿಲ್ಲ. ಇಷ್ಟು ವರ್ಷ ಬರೀ ಯುದ್ಧಾನೇ ಕೇಳಿಸಿದ್ಯಲ್ಲೇ!”

ವಾಚನಾಲಯಕ್ಕೆ ಹಿಂದಿರುಗಿಸಿದ ಅಷ್ಟೂ ಪುಸ್ತಕಗಳು ತಂಗಿಗೆ ನೆನಪಾದವು. ತೋಟದ ಪುಟಕ್ಕೆ ಮರಳಿ, ಗಂಟಲು ಸರಿಮಾಡಿಕೊಂಡಳು. ಒಂದಕ್ಷರವೂ ತಪ್ಪಿಹೋಗದಿರಲೆಂದು ಅಕ್ಕ ಪೆಡಲಿನ ಮೇಲಿನಿಂದ ಕಾಲು ತೆಗೆದಳು.