ತೊಳೆದ ಮೇಲೂ ಉಳಿಯುವ ಕ್ರೀಮು

ಅಕ್ಕನ ಬೆರಳುಗಳನ್ನು ನೋಡಿದ್ದೇ ತಡ, ತಂಗಿಗೆ ಮೈಯೆಲ್ಲ ಉರಿದುಹೋಯಿತು. ಗೆಣ್ಣುಗಳು ಬಿರಿದು ರಕ್ತ ಜಿನುಗುತ್ತಿತ್ತು. ಸಲೂನಿನಲ್ಲಿ ದಿನವಿಡೀ ಗಿರಾಕಿಗಳ ತಲೆ ತೊಳೆಯುವ ಕೈ ಅದು.

"ನಿನ್ನ ಕ್ರೀಮು ನಂಬಿ ಕೆಟ್ಟೆ ಕಣೇ," ಎಂದಳು ಅಕ್ಕ. "ಮೊದಲು ಕೊಟ್ಟಿದ್ದು ಎಷ್ಟು ಚೆನ್ನಾಗಿತ್ತು! ಈ ಹೊಸ ಟ್ಯೂಬು ಬರೀ ನೀರು. ಕೈ ವಾಸಿಯಾಗ್ದಿದ್ರೆ ಕೆಲಸಕ್ಕೆ ಬರಬೇಡ ಅಂದ್ಬಿಟ್ರು ಯಜಮಾನ್ರು."

ಬರೀ ನೀರಂತೆ! ಅಣ್ಣನ ಕಾರ್ಖಾನೆಯಲ್ಲಿ ಆ ಕ್ರೀಮನ್ನು ರೂಪಿಸಿದ್ದು ತಂಗಿಯೇ. ಮಾಮೂಲಿ ಹಯಲುರಾನಿಕ್ ಆಮ್ಲ ತೇವ ಹಿಡಿದಿಡುತ್ತದೆ, ನಿಜ. ಆದರೆ ಕೈ ತೊಳೆದರೆ ತಾನೂ ಕೊಚ್ಚಿಹೋಗುತ್ತದೆ. ಅದಕ್ಕೂ ಚರ್ಮಕ್ಕೂ ಇರುವುದು ಋಣ ವಿದ್ಯುತ್ತೇ, ಒಂದನ್ನೊಂದು ದೂರ ತಳ್ಳುತ್ತವೆ. ಇವಳು ಬಳಸಿದ್ದು ಧನ ವಿದ್ಯುತ್ತು ಸೇರಿಸಿ ಮಾರ್ಪಡಿಸಿದ ಅದೇ ಆಮ್ಲದ ಪುಡಿ. ಅದು ಚರ್ಮವನ್ನು ಬಿಗಿಯಾಗಿ ಹಿಡಿದುಕೊಂಡು, ಸೋಪುನೀರು ಬಿದ್ದರೂ ತೆಳು ಪೊರೆಯಾಗಿ ಉಳಿದು, ಒಳಗಿನ ತೇವ ಆರದಂತೆ ಕಾಯುತ್ತದೆ.

ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡೇ ಕಾರ್ಖಾನೆಯಲ್ಲಿದ್ದ ಅಣ್ಣನ ಕೋಣೆಗೆ ನುಗ್ಗಿದಳು.

"ಅಣ್ಣಾ, ನನ್ನ ಕ್ರೀಮಿಗೆ ಏನು ಮಾಡ್ದೆ?"

"ಕಿರುಚಬೇಡ. ಆ ಪುಡಿ ಒಂಚೂರು ಕಮ್ಮಿ ಮಾಡ್ಸಿದೆ ಅಷ್ಟೆ. ಮಾರಾಟದವರೆಲ್ಲ ಹಚ್ಚಿ ನೋಡಿ ಅಂಟಂಟು ಅಂದ್ರು."

"ಹಚ್ಚಿ ಕೈ ತೊಳೆದು ನೋಡಿದ್ರಾ?"

"ಹಚ್ಕೊಂಡ ಮೇಲೆ ಯಾರಾದ್ರೂ ತೊಳೀತಾರೇನೇ?"

ಅಯ್ಯೋ ಕರ್ಮವೇ! ತೊಳೆದು ತೊಳೆದು ಸವೆದ ಕೈಗೆಂದು ಮಾಡಿದ್ದನ್ನು, ನೀರೇ ಸೋಕದ ಕೈಗಳು ಏಸಿಯಲ್ಲಿ ಕೂತು ತೀರ್ಮಾನಿಸಿದ್ದವು.

"ಒಂಚೂರಂತೆ ಒಂಚೂರು! ಹೆಸರಿಗೊಂದು ಚಿಟಿಕೆ ಹಾಕಿಸಿದೀಯ. ಇವಳ ಕೈ ನೋಡು. ನೋಡೋ ಅಂದ್ರೆ!"

ಅಣ್ಣ ನೋಡಿದ. ಮುಖ ಸಪ್ಪಗಾಯಿತು. ಮೇಜಿನ ಡ್ರಾಯರ್ ಎಳೆದು ಒಂದು ಟ್ಯೂಬು ತೆಗೆದು ಅಕ್ಕನ ಮುಂದೆ ಹಿಡಿದ.

"ತಗೋಮ್ಮ, ಇದು ಮೊದಲಿನ ಮಾಲು. ನಿಮ್ಮತ್ತಿಗೆ ಪಾತ್ರೆ ತೊಳೀತಾಳಲ್ಲ, ಅವಳಿಗೆ ಇದೇ ಆಗ್ಬೇಕು. ಮನೆಗೆ ಅಂತ ಒಂದಿಷ್ಟು ಎತ್ತಿಟ್ಟಿದ್ದೆ."

ಗೊತ್ತಿತ್ತು. ಈ ಪುಣ್ಯಾತ್ಮನಿಗೆ ಎಲ್ಲ ಗೊತ್ತಿತ್ತು! ತಂಗಿ ಸಿಟ್ಟಿನಿಂದ ಟ್ಯೂಬನ್ನು ಕಿತ್ತು ಅವನ ಮುಖಕ್ಕೇ ಎಸೆಯೋಣವೆಂದು ಕೈ ಚಾಚಿದಳು.

ಅಕ್ಕ ಕೊಡಲಿಲ್ಲ. ಆಗಲೇ ಮುಚ್ಚಳ ತೆಗೆದು ಬೆರಳಿಗೆ ಸವರಿಕೊಳ್ಳುತ್ತಿದ್ದಳು.

"ಸುಮ್ನಿರೇ, ಪ್ರಾಣ ಹೋಗೋಷ್ಟು ಉರೀತಿದೆ," ಎಂದು ಗದರಿ, ಅಣ್ಣನ ಕಡೆ ತಿರುಗಿದಳು. "ಇನ್ನೂ ಇದ್ರೆ ಕೊಡಣ್ಣಾ. ಸಲೂನಲ್ಲಿ ತಲೆ ತೊಳೆಯೋರು ಇನ್ನೂ ಮೂರು ಜನ ಇದಾರೆ."